ಹಾಲಿ ಸಿಕ್ಕಾ, ಕಲ್ದಾರ: ಗಂಟಿನಲ್ಲಿ ಉಳಿದ ಪರರಾಜ್ಯ

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಊರುಗಳಲ್ಲಿ ಹಳೆಯ ಮಾಳಿಗೆ ಮನೆ ಕೆಡವಿ ಹೊಸ ಮನೆ ಕಟ್ಟುವಾಗ, ಗೋಡೆಯ ಗೂಡಿನಿಂದಲೋ ಹಿರಿಯರ ಪೆಟ್ಟಿಗೆಯ ತಳದಿಂದಲೋ ಒಂದು ಬಟ್ಟೆಯ ಗಂಟು ಹೊರಬರುವುದುಂಟು. ಬಿಚ್ಚಿದರೆ ಕಪ್ಪಗಾದ ಬೆಳ್ಳಿ ರೂಪಾಯಿ, ಹಸಿರುಗಟ್ಟಿದ ತಾಮ್ರದ ಕಾಸು, ನಡುವೆ ತೂತಿರುವ ಬಿಲ್ಲೆ. ಕೆಲವದರ ಮೇಲೆ ಚಾರ್ಮಿನಾರ್ ಮತ್ತು ಪಾರ್ಸಿ ಬರಹ. ಇನ್ನು ಕೆಲವದರ ಮೇಲೆ ಕಿರೀಟ ಧರಿಸಿದ ಇಂಗ್ಲೆಂಡಿನ ದೊರೆಯ ಮುಖ. ಎರಡೂ ಇಂದು ನಮ್ಮ ಸಂತೆಯಲ್ಲಿ ನಡೆಯುವುದಿಲ್ಲ. ಎರಡೂ ಈಗ ಇಲ್ಲದ ರಾಜ್ಯಗಳ ನಾಣ್ಯಗಳು.

ಇವನ್ನು ಏನು ಮಾಡುವುದು? ಈ ಪ್ರಶ್ನೆಗೆ ಸಾಮಾನ್ಯವಾಗಿ ಮೂರು ಉತ್ತರಗಳಿವೆ. ಬೆಳ್ಳಿಯಾದರೆ ಅಕ್ಕಸಾಲಿಗರ ಬಳಿ ತೂಕಕ್ಕೆ ಹಾಕುವುದು. ತಾಮ್ರವಾದರೆ ಮಕ್ಕಳ ಕೈಗೆ ಕೊಟ್ಟು ಮರೆಯುವುದು. ಇಲ್ಲವೇ, ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆ ಸಿಗುತ್ತದೆಂಬ ಮಾತು ನಂಬಿ ಗಿರಾಕಿಗಾಗಿ ಕಾಯುವುದು. ಮೂರೂ ಉತ್ತರಗಳಲ್ಲಿ ಒಂದು ಸಮಾನ ದೋಷವಿದೆ. ಅವು ನಾಣ್ಯವನ್ನು ಬಿಡಿಬಿಡಿಯಾಗಿ ನೋಡುತ್ತವೆ, ಗಂಟನ್ನು ನೋಡುವುದಿಲ್ಲ. ಆದರೆ ಇಲ್ಲಿ ಬೆಲೆಬಾಳುವುದು ಗಂಟು. ಅದು ಏಕೆಂದು ತಿಳಿಯಲು ಈ ಸೀಮೆಯ ಹಣದ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಹೊಳೆ ದಾಟಿದರೆ ಬೇರೆ ರೂಪಾಯಿ

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ದೋಆಬ್ ಸೀಮೆ 1948ರವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ನಡುವೆ 1853ರಿಂದ 1860ರವರೆಗೆ ಮಾತ್ರ, ಕಂಪನಿ ಸರ್ಕಾರಕ್ಕೆ ಸಲ್ಲಬೇಕಾದ ಸಾಲದ ಬಾಬತ್ತಿನಲ್ಲಿ, ಇಂಗ್ಲಿಷರ ಆಡಳಿತಕ್ಕೆ ಹೋಗಿ ಮರಳಿತು. ಲಿಂಗಸುಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟ್ ಪಡೆಯ ದಂಡು ಬೀಡುಬಿಟ್ಟಿತ್ತು. 1905ರವರೆಗೆ ಲಿಂಗಸುಗೂರೇ ಒಂದು ಜಿಲ್ಲೆಯ ಕೇಂದ್ರವಾಗಿತ್ತು. ಆ ವರ್ಷದ ಪುನರ್ವಿಂಗಡಣೆಯಲ್ಲಿ ಅದು ರಾಯಚೂರು ಜಿಲ್ಲೆಯೊಳಗೆ ಸೇರಿತು.

ಇಂಗ್ಲಿಷರ ಅಧೀನದ ಸಂಸ್ಥಾನಗಳಲ್ಲಿ ಹೆಚ್ಚಿನವು ಕಾಲಕ್ರಮದಲ್ಲಿ ತಮ್ಮ ಟಂಕಸಾಲೆ ಮುಚ್ಚಿ ಇಂಗ್ಲಿಷ್ ಸರ್ಕಾರದ ರೂಪಾಯಿಯನ್ನು ಒಪ್ಪಿಕೊಂಡವು. ಹೈದರಾಬಾದು ಕೊನೆಯವರೆಗೂ ತನ್ನದೇ ನಾಣ್ಯ ನಡೆಸಿತು. ಅದರ ಹೆಸರು ಹಾಲಿ ಸಿಕ್ಕಾ. ‘ಹಾಲಿ’ ಎಂದರೆ ಈಗ ಚಲಾವಣೆಯಲ್ಲಿರುವುದು. ಇಂದಿಗೂ ನಮ್ಮ ಪತ್ರಿಕೆಗಳು ‘ಹಾಲಿ ಶಾಸಕ’ ಎನ್ನುವಾಗ ಬಳಸುವುದು ಅದೇ ಪದವನ್ನು. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ಅದಕ್ಕೆ ಉಸ್ಮಾನಿಯಾ ಸಿಕ್ಕಾ ಎಂಬ ಹೆಸರೂ ಬಂತು. ಹಳೆಯ ಕಾಗದಪತ್ರಗಳಲ್ಲಿ ‘ಓ.ಎಸ್.’ ಎಂದು ಕಂಡರೆ ಅದು ಇದೇ.

1858ರಲ್ಲಿ ಕೊನೆಯ ಮೊಘಲ್ ಬಾದಶಹನನ್ನು ಇಂಗ್ಲಿಷರು ಪದಚ್ಯುತಗೊಳಿಸುವವರೆಗೆ ಹೈದರಾಬಾದಿನ ನಾಣ್ಯಗಳ ಮೇಲೆ ದಿಲ್ಲಿಯ ಬಾದಶಹನ ಹೆಸರೇ ಇರುತ್ತಿತ್ತು. ಆ ಬಳಿಕ ‘ಆಸಫ್ ಜಾಹ್’ ಎಂಬ ನಿಜಾಮರ ಬಿರುದು ಬಂತು. ಸುತ್ತಿಗೆಯಿಂದ ಕೈಯಲ್ಲೇ ಹೊಡೆಯುತ್ತಿದ್ದ ಈ ನಾಣ್ಯಗಳ ಅಂಚು ಓರೆಕೋರೆ. ಇಂಗ್ಲಿಷರ ರೂಪಾಯಿಯಾದರೋ ಯಂತ್ರದಲ್ಲಿ ಅಚ್ಚಾದದ್ದು. ಹಿಂದೂಸ್ತಾನಿಯಲ್ಲಿ ‘ಕಲ್’ ಎಂದರೆ ಯಂತ್ರ. ಆದ್ದರಿಂದ ಅದು ‘ಕಲ್ದಾರ’ವಾಯಿತು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಹೈದರಾಬಾದಿನಲ್ಲೂ ಯಂತ್ರ ಬಂತು, ಚಾರ್ಮಿನಾರ್ ಚಿತ್ರದ ನಾಣ್ಯ ಹೊರಬಿತ್ತು. ಆದರೂ ‘ಕಲ್ದಾರ’ ಎಂಬ ಹೆಸರು ಇಂಗ್ಲಿಷ್ ರೂಪಾಯಿಗೇ ಅಂಟಿಕೊಂಡು ಉಳಿಯಿತು.

ಈಗ ಈ ಸೀಮೆಯ ಭೂಪಟ ನೆನಪಿಸಿಕೊಳ್ಳಿ. ಸಿಂಧನೂರಿನಿಂದ ದಕ್ಷಿಣಕ್ಕೆ ದಡೇಸುಗೂರಿನ ಬಳಿ ತುಂಗಭದ್ರೆ ದಾಟಿದರೆ ಸಿರುಗುಪ್ಪ. ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಲಿಂಗಸುಗೂರು, ಮುದಗಲ್ಲಿನಿಂದ ಪಶ್ಚಿಮಕ್ಕೆ ಹೋದರೆ ಹುನಗುಂದ, ಇಳಕಲ್ಲು. ಅದು ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆ. ಮುದಗಲ್ಲಿನವರು ಮಗಳ ಮದುವೆಗೆ ಇಳಕಲ್ ಸೀರೆ ತರಲು ಹೊರಟರೆಂದರೆ ಅವರು ಇನ್ನೊಂದು ಸರ್ಕಾರದ ನೆಲಕ್ಕೆ, ಇನ್ನೊಂದು ರೂಪಾಯಿಯ ಪೇಟೆಗೆ ಹೋಗುತ್ತಿದ್ದರು. ಗಡಿಯಲ್ಲಿ ನಿಜಾಮರ ಸುಂಕದ ನಾಕಾ ಇತ್ತು, ಜನ ಅದನ್ನು ಕರೋಡಗಿರಿ ನಾಕಾ ಎನ್ನುತ್ತಿದ್ದರು. ಆಡುವ ಮಾತು ಒಂದೇ, ಬೀಗತನ ಒಂದೇ, ಜಾತ್ರೆ ಒಂದೇ. ಕೈಯಲ್ಲಿನ ಹಣ ಮಾತ್ರ ಬೇರೆ.

ಏಳಕ್ಕೆ ಆರು

ಎರಡು ರೂಪಾಯಿಗಳ ನಡುವಿನ ಲೆಕ್ಕ ಸರಿಸುಮಾರು ಏಳಕ್ಕೆ ಆರು. ಹಾಲಿ ಏಳು ರೂಪಾಯಿ ಕೊಟ್ಟರೆ ಕಲ್ದಾರ ಆರು ರೂಪಾಯಿ. ಕಲ್ದಾರ ನೂರಕ್ಕೆ ಹಾಲಿ 116 ರೂಪಾಯಿ 10 ಆಣೆ 8 ಪೈ. ಈ ವಿಚಿತ್ರ ಅಂಕಿ ಎಲ್ಲಿಂದ ಬಂತು? ಅದನ್ನು ತಿಳಿಯಲು ನಾಣ್ಯವನ್ನೇ ತೂಗಿದರೆ ಸಾಕು. ಚಾರ್ಮಿನಾರ್ ರೂಪಾಯಿಯ ತೂಕ ಸುಮಾರು 11.18 ಗ್ರಾಂ, ಅದರಲ್ಲಿ ಬೆಳ್ಳಿ ಶೇ 81.8. ಅಂದರೆ ಅಪ್ಪಟ ಬೆಳ್ಳಿ 9.14 ಗ್ರಾಂ. ಹಳೆಯ ಕಲ್ದಾರ ರೂಪಾಯಿ 11.66 ಗ್ರಾಂ, ಅದರಲ್ಲಿ ಬೆಳ್ಳಿ ಶೇ 91.7. ಅಪ್ಪಟ ಬೆಳ್ಳಿ 10.69 ಗ್ರಾಂ. ಏಳು ಹಾಲಿಯಲ್ಲಿರುವ ಬೆಳ್ಳಿಯೂ ಆರು ಕಲ್ದಾರದಲ್ಲಿರುವ ಬೆಳ್ಳಿಯೂ ಹತ್ತಿರಹತ್ತಿರ 64 ಗ್ರಾಂ! ಸರ್ಕಾರದ ದರದ ಹಿಂದೆ ಚಿನಿವಾರನ ತಕ್ಕಡಿ ಇತ್ತು.

ಆದರೆ ಸಂತೆಯಲ್ಲಿ ತಕ್ಕಡಿಯ ಲೆಕ್ಕವೇ ಅಂತಿಮವಲ್ಲ. ಹಣ ಬದಲಿಸುವವನಿಗೆ ವಟ್ಟ ಕೊಡಬೇಕು. ಸವಕಲು ನಾಣ್ಯವಾದರೆ ಇನ್ನಷ್ಟು ಕಡಿತ. ಎಣ್ಣೆಕಾಳು, ಹತ್ತಿ ಮಾರಲು ಗಡಿಯಾಚೆ ಹೋದ ರೈತನಿಗೆ ಕೈಗೆ ಬಂದ ಕಲ್ದಾರವನ್ನು ಊರಿನಲ್ಲಿ ಬದಲಿಸಿಕೊಳ್ಳುವುದೋ, ಮುಂದಿನ ಸಲದ ಖರೀದಿಗೆ ಇಟ್ಟುಕೊಳ್ಳುವುದೋ ಎಂಬ ಯೋಚನೆ ಇದ್ದೇ ಇರುತ್ತಿತ್ತು. ಬದಲಿಸಿದರೆ ವಟ್ಟ ನಷ್ಟ. ಹೀಗೆ ಖರ್ಚಾಗದೆ ಉಳಿದ ಪರರಾಜ್ಯದ ಚಿಲ್ಲರೆ ಮನೆಯಲ್ಲಿ ಸೇರುತ್ತ ಹೋಯಿತು. ಇಂದು ಗಲ್ಫ್ ದೇಶಗಳಿಂದ ಮರಳಿದವರ ಮನೆಯಲ್ಲಿ ಹಲಾಲಾ, ಫಿಲ್ಸ್ ಬಿಲ್ಲೆಗಳು ಸೇರುವುದೂ ಇದೇ ಕಾರಣಕ್ಕೆ. ನೋಟನ್ನು ಬದಲಿಸಿಕೊಡುವವರು ಸಿಗುತ್ತಾರೆ, ಬಿಡಿ ನಾಣ್ಯ ತೆಗೆದುಕೊಳ್ಳುವವರು ಸಿಗುವುದಿಲ್ಲ.

ಸ್ವಂತದ್ದು ಪರದೇಶಿಯಾದ ಬಗೆ

1947ರ ನವೆಂಬರ್ 29ರಂದು ಭಾರತ ಸರ್ಕಾರ ಮತ್ತು ನಿಜಾಮರ ನಡುವೆ ಯಥಾಸ್ಥಿತಿ ಒಪ್ಪಂದವಾಯಿತು. ಅದಾದ ಕೆಲವೇ ವಾರಗಳಲ್ಲಿ ಹೈದರಾಬಾದ್ ಸರ್ಕಾರ ಹೊರಡಿಸಿದ ಆಜ್ಞೆಯೊಂದರ ಪ್ರಕಾರ ಸಂಸ್ಥಾನದೊಳಗೆ ಭಾರತದ ನಾಣ್ಯ, ನೋಟುಗಳು ಕಾನೂನುಬದ್ಧ ಹಣವಲ್ಲ. ತಲೆಮಾರುಗಳಿಂದ ಎರಡೂ ಕಡೆ ಓಡಾಡಿದ ಕಲ್ದಾರ ಒಂದೇ ದಿನದಲ್ಲಿ ಪರದೇಶಿಯಾಯಿತು. ಬೆಲೆಬಾಳುವ ಲೋಹಗಳನ್ನು ಭಾರತಕ್ಕೆ ಸಾಗಿಸದಂತೆ ಇನ್ನೊಂದು ಆಜ್ಞೆ ಬಂತು. ಎರಡು ಸರ್ಕಾರಗಳ ನಡುವಿನ ಜಗಳದಲ್ಲಿ ಇವೆರಡೂ ದೊಡ್ಡ ವಿಷಯಗಳಾದವು.

ಗಡಿಯ ಸಂಸಾರಗಳಿಗೆ ಅದು ರಾಜಕೀಯವಷ್ಟೇ ಆಗಿರಲಿಲ್ಲ. ರಜಾಕಾರರ ಹಾವಳಿಯ ಆ ತಿಂಗಳುಗಳಲ್ಲಿ ಎಷ್ಟೋ ಜನ ಹೊಳೆ ದಾಟಿ ಆಚೆ ಹೋದರು. ಮುಂಡರಗಿ, ಗಜೇಂದ್ರಗಡದಂಥ ಗಡಿಯೂರುಗಳಲ್ಲಿ ಹೋರಾಟಗಾರರ ಶಿಬಿರಗಳು ನಡೆದವು. ಊರು ಬಿಡುವವರಿಗೆ ಹಣದ ಪ್ರಶ್ನೆ ಬಹಳ ಕಠಿಣ. ಹಾಲಿ ಸಿಕ್ಕಾ ಒಯ್ದರೆ ಆಚೆ ನಡೆಯುವ ಭರವಸೆ ಇಲ್ಲ. ಕಲ್ದಾರ ಈಚೆ ಇಟ್ಟುಕೊಂಡರೆ ಅಪಾಯ. ನೆಲವೂ ಹಗೇವೂ ಗೋಡೆಯೂ ತಿಜೋರಿಯಾಗುವುದು ಇಂಥ ಕಾಲದಲ್ಲೇ.

1948ರ ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆಯೊಂದಿಗೆ ನಿಜಾಮರ ಆಳ್ವಿಕೆ ಮುಗಿಯಿತು. ಹಾಲಿ ಸಿಕ್ಕಾ ಮರುದಿನವೇ ಮಾಯವಾಗಲಿಲ್ಲ. ಏಳಕ್ಕೆ ಆರರ ಲೆಕ್ಕದಲ್ಲಿ ಭಾರತದ ರೂಪಾಯಿಯೊಂದಿಗೆ ಕೆಲವು ವರ್ಷ ಓಡಾಡಿ, 1950ರ ದಶಕದಲ್ಲಿ ಹಂತಹಂತವಾಗಿ ತೆರೆಮರೆಗೆ ಸರಿಯಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ವಿಶಾಲ ಮೈಸೂರು ರಾಜ್ಯ ಸೇರಿತು. 1957ರ ಏಪ್ರಿಲ್ 1ರಂದು ದೇಶಕ್ಕೆಲ್ಲ ನಯಾ ಪೈಸೆ ಬಂತು, ಆಣೆ-ಪೈಗಳ ಲೆಕ್ಕವೂ ಹೋಯಿತು. ಹೀಗೆ ಹತ್ತೇ ವರ್ಷಗಳಲ್ಲಿ ಈ ಸೀಮೆಯ ಹಳ್ಳಿಗರು ಹಣದ ಲೆಕ್ಕವನ್ನು ಮೂರು ಬಾರಿ ಹೊಸದಾಗಿ ಕಲಿಯಬೇಕಾಯಿತು. ಮೊದಲು ಕಲ್ದಾರ ಪರದೇಶಿ. ಆಮೇಲೆ ಹಾಲಿಯೇ ಪರದೇಶಿ. ಕೊನೆಗೆ ಎರಡೂ ಪರದೇಶಿ. ‘ಹಾಲಿ’ ಎಂಬ ಹೆಸರಿನ ನಾಣ್ಯ ಮಾಜಿಯಾದದ್ದು ಹೀಗೆ.

ಗಂಟು ಹೇಳುವ ಮಾತು

ಈಗ ಗಂಟಿನ ವಿಷಯಕ್ಕೆ ಬರೋಣ. ಒಂದು ಚಾರ್ಮಿನಾರ್ ರೂಪಾಯಿಯನ್ನು ಬಿಡಿಯಾಗಿ ನೋಡಿದರೆ ಅದು ಬಹಳ ಸಾಮಾನ್ಯ ನಾಣ್ಯ. ಅದರಂಥವು ಅಪಾರ ಸಂಖ್ಯೆಯಲ್ಲಿ ಅಚ್ಚಾಗಿವೆ. ಆದರೆ ಒಂದು ಮನೆಯ ಗಂಟಿನಲ್ಲಿ ಹಾಲಿ ಎಷ್ಟು, ಕಲ್ದಾರ ಎಷ್ಟು, ತಾಮ್ರ ಎಷ್ಟು, ಬೆಳ್ಳಿ ಎಷ್ಟು, ತೀರ ಈಚಿನ ನಾಣ್ಯ ಯಾವ ವರ್ಷದ್ದು? ಈ ಪ್ರಶ್ನೆಗಳಿಗೆ ಉತ್ತರ ಬೇರೆ ಯಾವ ದಫ್ತರದಲ್ಲೂ ಇಲ್ಲ.

ನಾಣ್ಯಶಾಸ್ತ್ರದಲ್ಲಿ ಒಂದು ಸರಳ ಸೂತ್ರವಿದೆ. ಒಂದು ರಾಶಿಯಲ್ಲಿರುವ ಅತ್ಯಂತ ಈಚಿನ ನಾಣ್ಯದ ವರ್ಷಕ್ಕಿಂತ ಮುಂಚೆ ಆ ರಾಶಿ ಮುಚ್ಚಿರಲು ಸಾಧ್ಯವಿಲ್ಲ. ಗಂಟಿನಲ್ಲಿ ಹಿಜರಿ 1365ರ, ಅಂದರೆ 1946ರ ನಾಣ್ಯವಿದ್ದು, ಗಣರಾಜ್ಯ ಭಾರತದ ಅಶೋಕಸ್ತಂಭದ ನಾಣ್ಯ ಒಂದೂ ಇಲ್ಲದಿದ್ದರೆ, ಅದನ್ನು ಕಟ್ಟಿಟ್ಟದ್ದು ಬಹುಶಃ ಆ ಗೊಂದಲದ ವರ್ಷಗಳಲ್ಲೇ ಎಂದು ಊಹಿಸಬಹುದು. ಕಲ್ದಾರವೇ ಹೆಚ್ಚಿದ್ದರೆ ಆ ಮನೆಯವರ ವ್ಯಾಪಾರ ಹೊಳೆಯಾಚೆ ಇತ್ತೇನೋ. ಪೈಗಳೇ ಹೆಚ್ಚಿದ್ದರೆ ಅದು ಹಬ್ಬಕ್ಕೋ ಹರಕೆಗೋ ಹೆಣ್ಣುಮಗಳೊಬ್ಬಳು ಕೂಡಿಟ್ಟದ್ದಿರಬಹುದು. ಒಂದೊಂದು ಗಂಟೂ ಒಂದೊಂದು ಮನೆಯ ಖಾತೆ ಪುಸ್ತಕ. ಹಂಚಿ ಮಾರಿದ ಕೂಡಲೇ ಆ ಪುಸ್ತಕದ ಹಾಳೆಗಳು ಚದರಿಹೋಗುತ್ತವೆ. ನಾಣ್ಯಗಳು ಎಲ್ಲೋ ಇರುತ್ತವೆ, ಖಾತೆ ಮಾತ್ರ ಇಲ್ಲವಾಗುತ್ತದೆ.

ಇದಕ್ಕೆ ಕರ್ನಾಟಕದಲ್ಲೇ ಒಂದು ದೊಡ್ಡ ನಿದರ್ಶನವಿದೆ. ರೋಮ್ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿ ದಿನಾರಗಳು ದಕ್ಷಿಣ ಭಾರತದಲ್ಲಿ ಸಿಗುವ ಅತಿ ಸಾಮಾನ್ಯ ಪರದೇಶಿ ಪ್ರಾಚೀನ ನಾಣ್ಯಗಳು. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲು ಹಾದಿಯ ಕೆಲಸದಲ್ಲಿ 163 ಸಿಕ್ಕವು. 1965ರಲ್ಲಿ ಅದೇ ನಗರದ ಎಚ್‌ಎಎಲ್ ಪ್ರದೇಶದಲ್ಲಿ 256 ಸಿಕ್ಕವು. ಆದರೆ 1947ರಲ್ಲಿ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ ದೊರೆತ ಟೈಬೀರಿಯಸನ ಒಂದೇ ಒಂದು ದಿನಾರ ಮಾಡಿದ ಕೆಲಸ ದೊಡ್ಡದು. ಅದು ಮಣ್ಣಿನ ಯಾವ ಪದರದಲ್ಲಿ, ಯಾವ ಮಡಕೆ ಚೂರುಗಳ ಜೊತೆ ಇತ್ತೆಂಬುದು ಗೊತ್ತಿತ್ತು. ಆದ್ದರಿಂದ ಆ ಮಡಕೆಗಳಿಗೆ ಕ್ರಿಸ್ತಶಕದ ಮೊದಲ ಶತಮಾನಗಳ ಕಾಲವನ್ನು ಗೊತ್ತುಪಡಿಸಲು ಅದು ನೆರವಾಯಿತು. 1954ರಲ್ಲಿ ಬಿ.ಕೆ. ಥಾಪರ್ ಮಸ್ಕಿಯಲ್ಲಿ ಅಗೆದಾಗ ಬಿಳಿ ಗೆರೆಗಳ ಚಿತ್ರವಿರುವ ಅಂಥದೇ ಕಂದುಗೆಂಪು ಮಡಕೆಗಳು ಇಲ್ಲಿಯೂ ಸಿಕ್ಕವು. ಅಶೋಕನ ಹೆಸರನ್ನು ಮೊದಲು ತೋರಿಸಿಕೊಟ್ಟ ಶಾಸನ 1915ರಲ್ಲಿ ಬೆಳಕಿಗೆ ಬಂದ ಊರು ಅದು. ಅದರ ಪ್ರಾಚೀನ ವಸತಿಯ ಕಾಲವನ್ನು ಅರಿಯಲು ಚಂದ್ರವಳ್ಳಿ, ಬ್ರಹ್ಮಗಿರಿಗಳ ಲೆಕ್ಕವೇ ಅಳತೆಗೋಲಾಯಿತು. ಸಾಮಾನ್ಯ ನಾಣ್ಯವೊಂದು ಸಿಕ್ಕ ಜಾಗದ ನೆನಪಿನೊಂದಿಗೆ ಉಳಿದದ್ದರಿಂದ ಇಷ್ಟು ಸಾಧ್ಯವಾಯಿತು. ಜಾಗ ತಪ್ಪಿಸಿಕೊಂಡ ದಿನಾರ ಬರೀ ಬೆಳ್ಳಿಯ ಚೂರು.

ನಾಣ್ಯವನ್ನು ಓದುವುದು ಹೇಗೆ

ಮನೆಯ ಗಂಟನ್ನು ಓದಲು ಪಂಡಿತರೇ ಬೇಕಿಲ್ಲ. ಚಾರ್ಮಿನಾರಿನ ನಡುವಿನ ಬಾಗಿಲಲ್ಲಿ ಒಂದು ಅಕ್ಷರ ಕಾಣುತ್ತದೆ. ‘ಮೀಮ್’ ಇದ್ದರೆ ಆರನೆಯ ನಿಜಾಮ ಮಹಬೂಬ್ ಅಲಿ ಖಾನರದು, ‘ಐನ್’ ಇದ್ದರೆ 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನರದು. ನಾಣ್ಯದ ಮೇಲಿನ ನಾಲ್ಕಂಕಿಯ ವರ್ಷ ಹಿಜರಿ ಶಕೆ. ಅದನ್ನು 33ರಿಂದ ಭಾಗಿಸಿ, ಬಂದ ಭಾಗಲಬ್ಧವನ್ನು ಅದೇ ವರ್ಷದಿಂದ ಕಳೆದು, 622 ಕೂಡಿಸಿದರೆ ನಮ್ಮ ಇಸವಿ ಸುಮಾರಾಗಿ ಸಿಗುತ್ತದೆ. 1329ಕ್ಕೆ 1911, 1362ಕ್ಕೆ 1943.

ಇಲ್ಲಿ ಒಂದು ಎಚ್ಚರ ಬೇಕು. ಅದೇ ಪೆಟ್ಟಿಗೆಯಲ್ಲಿ ಸಿಗುವ ನಿಜಾಮರ ಕಾಲದ ಜಮೀನಿನ ಕಾಗದಗಳಲ್ಲಿರುವುದು ಸಾಮಾನ್ಯವಾಗಿ ಫಸಲಿ ವರ್ಷ. ಅದಕ್ಕೆ 590 ಕೂಡಿಸಬೇಕು. ನಾಣ್ಯದ ಮೇಲಿನ 1357 ಎಂದರೆ 1938, ಕಾಗದದ ಮೇಲಿನ 1357 ಎಂದರೆ 1947. ಎರಡನ್ನೂ ಬೆರೆಸಿದರೆ ಒಂಬತ್ತು ವರ್ಷ ವ್ಯತ್ಯಾಸ ಬೀಳುತ್ತದೆ.

ತೂತಿನ ಬಿಲ್ಲೆಗಳು ಎರಡನೆಯ ಮಹಾಯುದ್ಧದ ಲೋಹದ ಬಿಕ್ಕಟ್ಟಿನ ಕೂಸುಗಳು. 1943ರಿಂದ ಇಂಗ್ಲಿಷ್ ಸರ್ಕಾರ ತೂತಿನ ಪೈಸೆಯನ್ನೂ ನಿಜಾಮರ ಸರ್ಕಾರ ತೂತಿನ ಎರಡು ಪೈ ಬಿಲ್ಲೆಯನ್ನೂ ಅಚ್ಚು ಹಾಕಿದವು. ಗಂಟಿನಲ್ಲಿ ಎರಡೂ ಬೆರೆತಿರುತ್ತವೆ, ಬರಹ ನೋಡಿ ಬೇರೆ ಗುರುತಿಸಬೇಕು. ಕಲ್ದಾರಗಳಲ್ಲೂ ಯುದ್ಧದ ಗುರುತಿದೆ. 1940ರಿಂದ ರೂಪಾಯಿಯ ಬೆಳ್ಳಿ ಅರ್ಧಕ್ಕೆ ಇಳಿಯಿತು, 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್.

ಕೆಲವು ನಾಣ್ಯಗಳಿಗೆ ಕೊಂಡಿ ಬೆಸೆದಿರುತ್ತದೆ, ಇಲ್ಲವೇ ರಂಧ್ರ ಕೊರೆದಿರುತ್ತದೆ. ಅವು ಸರದಲ್ಲಿಯೋ ಲಂಬಾಣಿ ಹೆಣ್ಣುಮಕ್ಕಳ ಉಡುಗೆಯಲ್ಲಿಯೋ ಇದ್ದವು. ಸಂಗ್ರಾಹಕರ ಕಣ್ಣಿಗೆ ಅವು ಕೆಟ್ಟ ನಾಣ್ಯಗಳು. ಆದರೆ ಸರ್ಕಾರ ಬಿದ್ದರೂ ಬೆಲೆ ಬೀಳದಂತೆ ಹಣವನ್ನು ಒಡವೆಯಾಗಿಸಿ ಮೈಮೇಲೆ ಕಾಪಾಡಿಕೊಂಡ ಹೆಂಗಸರ ಜಾಣ್ಮೆಗೆ ಅವೇ ಸಾಕ್ಷಿ.

ಹಾಗಾದರೆ ಏನು ಮಾಡಬೇಕು?

ಮೊದಲನೆಯದಾಗಿ, ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಹೊಳಪು ಬರುತ್ತದೆ, ಆದರೆ ಅಕ್ಷರ ಹೋಗುತ್ತದೆ. ಬಿಗಿ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ತಾಮ್ರಕ್ಕೆ ಹಸಿರು ಹಿಡಿಯಬಹುದು. ಒಣ ಕಾಗದದ ಲಕೋಟೆ ಮೇಲು.

ಎರಡನೆಯದಾಗಿ, ಹಂಚುವ ಮುನ್ನ ಎಣಿಸಿ, ತೂಗಿ, ಎರಡೂ ಮುಖಗಳ ಚಿತ್ರ ತೆಗೆದು ಒಂದು ಪಟ್ಟಿ ಮಾಡಿ. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವುದಾದರೂ ಪಟ್ಟಿ ಒಂದಾಗಿ ಉಳಿಯಲಿ. ಯಾವ ಊರು, ಯಾವ ಮನೆ, ಎಲ್ಲಿ ಸಿಕ್ಕಿತು, ಯಾರು ಕೂಡಿಟ್ಟದ್ದೆಂದು ಹಿರಿಯರು ಹೇಳುತ್ತಾರೆ ಎಂಬುದನ್ನು ಅದರಲ್ಲಿ ಬರೆಯಿರಿ. ಹಾಲಿ, ಕಲ್ದಾರ ಎರಡನ್ನೂ ಕೈಯಲ್ಲಿ ಹಿಡಿದು ಸಂತೆ ಮಾಡಿದವರು ಈಗ ಉಳಿದಿದ್ದರೆ ತೊಂಬತ್ತರ ಆಚೀಚೆ ಇರುತ್ತಾರೆ. ನಾಣ್ಯ ಇನ್ನೂ ನೂರು ವರ್ಷ ಇದ್ದೀತು, ಆ ಮಾತು ಇರದು.

ಮೂರನೆಯದಾಗಿ, ಹೊಲ ಉಳುವಾಗಲೋ ಪಾಯ ತೋಡುವಾಗಲೋ ನೆಲದೊಳಗಿಂದ ಸಿಕ್ಕಿದ್ದಾದರೆ ವಿಷಯ ಬೇರೆ. 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು, ಖಾಸಗಿಯವರು ಅದನ್ನು ದೇಶದಾಚೆ ಸಾಗಿಸುವಂತಿಲ್ಲ. ಐನ್ ಅಕ್ಷರದ ಮೊದಲ ನಾಣ್ಯಗಳು ಈಗಾಗಲೇ ಆ ವಯಸ್ಸು ದಾಟಿವೆ.

ನಾಲ್ಕನೆಯದಾಗಿ, ಲಕ್ಷ ರೂಪಾಯಿಯ ಮಾತು ನಂಬಬೇಡಿ. ಹಳೆಯ ನಾಣ್ಯ ಕೊಳ್ಳುವುದಾಗಿ ಹೇಳಿ, ರಿಸರ್ವ್ ಬ್ಯಾಂಕಿನ ಹೆಸರು ಬಳಸಿ, ಶುಲ್ಕ, ಕಮಿಷನ್ ಕೇಳುವ ವಂಚಕರ ಬಗ್ಗೆ ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ನಾಣ್ಯ ಮಾರಲು ಮೊದಲು ನೀವೇ ಹಣ ಕಟ್ಟಬೇಕು ಎಂದರೆ ಅಲ್ಲಿಗೆ ಮಾತು ಮುಗಿಸುವುದು ಲೇಸು.

ಇನ್ನು ಎಲ್ಲಿಂದ ಬಂದವೆಂದು ಯಾರಿಗೂ ತಿಳಿಯದ, ಜಾತ್ರೆಯಲ್ಲಿ ಕೊಂಡ, ಕೈ ಬದಲಿಸುತ್ತ ಬಂದ ಸಾಮಾನ್ಯ ನಾಣ್ಯಗಳಿದ್ದರೆ? ಅವುಗಳಿಗೆ ಊರಿನ ಶಾಲೆಗಿಂತ ಒಳ್ಳೆಯ ಜಾಗವಿಲ್ಲ. ಕೃಷ್ಣಾ-ತುಂಗಭದ್ರೆಗಳ ನಡುವಿನ ಮಕ್ಕಳಿಗೆ ಸಂಸ್ಥಾನಗಳ ವಿಲೀನದ ಪಾಠ ಹೇಳುವಾಗ ಒಂದು ಹಾಲಿ, ಒಂದು ಕಲ್ದಾರ ಅಂಗೈಯಲ್ಲಿಟ್ಟು ತೂಗಿಸಿ, ಏಳಕ್ಕೆ ಆರರ ಲೆಕ್ಕ ಬಿಡಿಸಲು ಕೊಟ್ಟರೆ ಚರಿತ್ರೆಯೂ ಗಣಿತವೂ ಒಟ್ಟಿಗೇ ತಿಳಿಯುತ್ತವೆ. ತಮ್ಮ ಮುತ್ತಜ್ಜ ಹೊಳೆ ದಾಟಿ ಹೋಗಿ ಒಂದು ಸೀರೆ ತರಲು ಏಕೆ ಎರಡು ಚೀಲ ಕಟ್ಟಿಕೊಳ್ಳುತ್ತಿದ್ದನೆಂಬುದೂ ಅವರಿಗೆ ಅರ್ಥವಾಗುತ್ತದೆ.

ಊರು ಗೊತ್ತಿರುವ ಗಂಟು ಮಾತ್ರ ಹಾಗೇ ಇರಲಿ. ಲಕೋಟೆಯ ಮೇಲೆ ಊರಿನ ಹೆಸರು, ಮನೆತನದ ಹೆಸರು, ಸಿಕ್ಕ ದಿನಾಂಕ ಬರೆಯಲು ಐದು ನಿಮಿಷ ಸಾಕು. ಆ ಒಂದು ಸಾಲು ಬರಹವಿದ್ದರೆ ಅದು ದಾಖಲೆ. ಇಲ್ಲದಿದ್ದರೆ ತೂಕಕ್ಕೆ ಹಾಕುವ ಬೆಳ್ಳಿ.